ಮುಂದಿನ ಬೋರ್ಡ್‌ನಲ್ಲಿ ಏನಿರಬೇಕು, ಏನನ್ನು ಕೈಬಿಡಬೇಕು?

ಬೆಸುಗೆಕಡ್ಡಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಮೈಕ್ರೋ ಬಿಟ್‌ಎಕ್ಸ್ ಎಂಬ ಹ್ಯಾಮ್ (ಹವ್ಯಾಸಿ) ರೇಡಿಯೊ ವಿನ್ಯಾಸ ಆಧರಿಸಿ ನಾವು ಮಾಡಿಕೊಂಡಿರುವ ಎಚ್‌ಎಫ್ ಟ್ರಾನ್ಸ್‌ಸೀವರ್ (ಕೇಳಲೂ ಕಳುಹಿಸಲೂ ಬರುವ ಶಾರ್ಟ್‌ವೇವ್ ಸೆಟ್) ಬೋರ್ಡಿನ ಮುಂದಿನ ಆವೃತ್ತಿಯನ್ನು ಮಳೆಗಾಲ ಮುಗಿಯುವುದರೊಳಗೆ ತಯಾರಿಕೆಗೆ ಕಳುಹಿಸಬೇಕೆಂದಿದ್ದೇನೆ. ಅಷ್ಟರಲ್ಲಿ ಬೇಡಿಕೆಗಳ ಪಟ್ಟಿ ಹನುಮಂತನ ಬಾಲವಾಗಿದೆ. ಎಜಿಸಿ (ಜೋರಾದ ಸಂಕೇತವನ್ನು ತಾನೇ ತಗ್ಗಿಸುವುದು) ಬೇಕು, ಸಂಕೇತದ ಬಲ ತೋರಿಸುವ ಎಸ್ ಮೀಟರ್ ಬೇಕು, ಆಂಟೆನಾ ಹೊಂದಿದೆಯೇ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್ ಬೇಕು, ಬಣ್ಣದ ಪರದೆ ಬೇಕು, ಬ್ಯಾಟರಿ ಚಾರ್ಜರ್ ಪೆಟ್ಟಿಗೆಯೊಳಗೇ ಇರಬೇಕು. ಒಬ್ಬರು ಎಫ್‌ಎಂ ರೇಡಿಯೊ ಕೂಡ ಕೇಳಿದ್ದಾರೆ, ಕ್ರಿಕೆಟ್ ಕಾಮೆಂಟರಿಗಂತೆ. ತಮಾಷೆ ಮಾಡುತ್ತಿಲ್ಲ.

ಮೂಲ ವಿನ್ಯಾಸದಂತೆಯೇ ನಮ್ಮದರಲ್ಲೂ ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಇದೆ. ಅದರ ಕಾಲುಗಳೆಲ್ಲ (ಪಿನ್‌ಗಳೆಲ್ಲ) ಭರ್ತಿ. ಎನ್ಕೋಡರ್ (ಸ್ಟೇಷನ್ ಹುಡುಕುವ ಗುಂಡಿ), ಪಿಟಿಟಿ (ಮಾತಾಡಲು ಒತ್ತುವ ಸ್ವಿಚ್), ಕೀಯರ್ (ಮೋರ್ಸ್ ಕಳುಹಿಸಲು), ಫಿಲ್ಟರ್ ರಿಲೇಗಳು, ಪರದೆಗೆ ಆರು ತಂತಿ. ಉಳಿದಿರುವುದು ಎ7 ಒಂದೇ. ಅದರಿಂದ ವೋಲ್ಟೇಜ್ ಓದಬಹುದೇ ಹೊರತು ಏನನ್ನೂ ಚಾಲೂ ಮಾಡಲಾಗದು, ಏಕೆಂದರೆ ಎ6, ಎ7 ಎರಡೂ ಅನಲಾಗ್ ಒಳಬರುವ ದಾರಿಗಳು ಮಾತ್ರ.

ಆದ್ದರಿಂದ ಒಂದು ವಿನಂತಿ. ಏನಾದರೂ ಬೇಕು ಎನ್ನುವಾಗ ಯಾವ ಕೆಲಸಕ್ಕೆ ಎಂದು ಬರೆಯಿರಿ. ಅದರ ಜಾಗಕ್ಕೆ ಯಾವುದನ್ನು ತೆಗೆಯಬಹುದು ಎಂದೂ ಬರೆದರೆ ಪುಣ್ಯ ಬರುತ್ತದೆ.

ಹೊಸಕಿವಿ, ಹುಬ್ಬಳ್ಳಿ

ಸರ್, ನಾನು ಈಚೆಗಷ್ಟೇ ಪರವಾನಗಿ ಪಡೆದವನು, ಎಂಜಿನಿಯರಿಂಗ್ ವಿದ್ಯಾರ್ಥಿ. ನನಗೆ ಬೇಕಾದವು: ಎಫ್‌ಟಿ8 (ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶ ಕಳುಹಿಸುವ ವಿಧಾನ) ಆಡಲು ಯುಎಸ್‌ಬಿ, ಮೊಬೈಲಿನಿಂದ ನಿಯಂತ್ರಿಸಲು ಬ್ಲೂಟೂತ್, ಬ್ಯಾಂಡಿನಲ್ಲಿ ಯಾರೆಲ್ಲ ಇದ್ದಾರೆ ಎಂದು ತೋರಿಸುವ ವಾಟರ್‌ಫಾಲ್ ಪರದೆ. ಸಾಧ್ಯವಾದರೆ 2 ಮೀಟರ್ ಬ್ಯಾಂಡ್ ಕೂಡ. ಇಂದು ಮಾರುಕಟ್ಟೆಯ ರಿಗ್‌ಗಳಲ್ಲಿ ಇವೆಲ್ಲ ಇವೆ. ಇವಿಲ್ಲದ ಸೆಟ್ಟನ್ನು ನನ್ನ ಸಹಪಾಠಿಗಳಿಗೆ ತೋರಿಸಿದರೆ ಅಜ್ಜನ ಕಾಲದ್ದೇ ಎಂದು ಕೇಳುತ್ತಾರೆ. ಬದಲಿಗೆ ತೆಗೆಯುವಂಥದ್ದು ಏನೂ ಕಾಣುತ್ತಿಲ್ಲ.

ಡಾಡಿಡಾ, ಬೆಂಗಳೂರು

ಅಜ್ಜನ ಕಾಲದವನೇ ಬರೆಯುತ್ತಿದ್ದೇನೆ.

ಹೈದರಾಬಾದಿನ ಅಷ್ಹರ್ ಫರ್ಹಾನ್ ಮೊದಲ ಬಿಟ್‌ಎಕ್ಸ್ ಮಾಡಿದಾಗ ಅದು ಒಂದೇ ಬ್ಯಾಂಡಿನ ಸೆಟ್. 14 ಮೆಗಾಹರ್ಟ್ಸ್, ಎಸ್‌ಎಸ್‌ಬಿ, ಅಂದರೆ ಮಾತು ಮಾತ್ರ. ಮೋರ್ಸ್ ಕೂಡ ಇರಲಿಲ್ಲ, ಅದಕ್ಕೆ ನಾನು ಆಗಲೇ ಗೊಣಗಿದ್ದೆ. ಆದರೆ ಅದರ ಬುದ್ಧಿವಂತಿಕೆ ಎಲ್ಲಿತ್ತೆಂದರೆ, ಕೇಳುವಾಗ ಬಳಸುವ ಆಂಪ್ಲಿಫೈಯರ್ ಹಂತಗಳನ್ನೇ ಮಾತಾಡುವಾಗ ಹಿಮ್ಮುಖವಾಗಿ ಬಳಸುತ್ತಿದ್ದರು, ಕ್ರಿಸ್ಟಲ್ ಫಿಲ್ಟರ್ ಕೂಡ ಎರಡಕ್ಕೂ ಒಂದೇ. ಟೊರಾಯ್ಡ್ (ಸುರುಳಿ ಸುತ್ತುವ ಉಂಗುರ) ಸಿಗದ ಊರಿನವರು ನಲ್ಲಿಗೆ ಹಾಕುವ ವಾಷರ್ ಮೇಲೆ ತಂತಿ ಸುತ್ತಿ ಸುರುಳಿ ಮಾಡಿಕೊಳ್ಳಬಹುದಿತ್ತು. ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಸುತ್ತಿದರೆ ಬಿಡಿಭಾಗಗಳೆಲ್ಲ ಕೈಗೆ ಸಿಗುತ್ತಿದ್ದವು. ಆ ಸೆಟ್ಟನ್ನು ಜನ ಕಟ್ಟಿದ್ದು ಅದರಲ್ಲಿ ಎಲ್ಲವೂ ಇದೆ ಎಂದಲ್ಲ, ತಮ್ಮ ಕೈಯಲ್ಲಿ ಕಟ್ಟಿ ಮುಗಿಸಬಹುದು ಎಂಬ ಧೈರ್ಯದಿಂದ.

ನನ್ನ ಬೇಡಿಕೆ ಒಂದೇ: ಮೋರ್ಸ್ ಕೀ ಒತ್ತಿದಾಗ ಕಿವಿಗೆ ಬಡಿಯುವ ಆ ಟಪ್ ಶಬ್ದ ನಿಲ್ಲಲಿ. 73 (ಹ್ಯಾಮ್‌ಗಳ ಭಾಷೆಯಲ್ಲಿ ಶುಭಾಶಯ).

ಪಿನ್‌ಎಣಿಕೆ, ಬೆಂಗಳೂರು

ನಮ್ಮ ಫರ್ಮ್‌ವೇರ್ (ನ್ಯಾನೊದೊಳಗೆ ಓಡುವ ಪ್ರೋಗ್ರಾಂ) ನೋಡಿಕೊಳ್ಳುವವನು ನಾನು. ಬೆಸುಗೆಕಡ್ಡಿ ಅವರು ಕಾಲುಗಳ ಲೆಕ್ಕ ಕೊಟ್ಟರು, ನಾನು ಜಾಗದ ಲೆಕ್ಕ ಕೊಡುತ್ತೇನೆ. ನ್ಯಾನೊದಲ್ಲಿರುವ ಎಟಿಮೆಗಾ328ಪಿ ಚಿಪ್ಪಿನ ಫ್ಲ್ಯಾಷ್ (ಪ್ರೋಗ್ರಾಂ ಇಡುವ ಜಾಗ) 32 ಕಿಲೋಬೈಟ್. ಪ್ರೋಗ್ರಾಂ ತುಂಬಿಸಿಕೊಳ್ಳುವ ಹಳೆಯ ಬೂಟ್‌ಲೋಡರ್ 2 ಕಿಲೋಬೈಟ್ ತಿನ್ನುತ್ತದೆ, ನಮಗೆ ಸಿಗುವುದು 30,720 ಬೈಟ್. ರ‍್ಯಾಮ್ 2 ಕಿಲೋಬೈಟ್. ಮೆನುವಿನಲ್ಲಿ ತೋರಿಸುವ ಒಂದೊಂದು ಪದವೂ ಇದರಲ್ಲೇ ಕೂರಬೇಕು.

ಇದು ನಮ್ಮೊಬ್ಬರ ಬಡತನವಲ್ಲ. ಕ್ವಾನ್‌ಶೆಂಗ್ ಯುವಿ-ಕೆ5 ಎಂಬ ಅಗ್ಗದ ಕೈಸೆಟ್ಟಿನ ಕಥೆ ಹಲವರಿಗೆ ಗೊತ್ತಿರಬಹುದು. ಹವ್ಯಾಸಿಗಳು ಅದರ ಫರ್ಮ್‌ವೇರನ್ನು ಬಿಡಿಸಿ ನೋಡಿ, ಹೊಸದಾಗಿ ಬರೆದು, ಎಲ್ಲರಿಗೂ ತೆರೆದಿಟ್ಟರು. ಸ್ಪೆಕ್ಟ್ರಮ್ ನೋಟ ಬಂತು, ಬೇರೆ ಬೇರೆ ಸ್ಕ್ಯಾನ್ ವಿಧಾನಗಳು ಬಂದವು, ಒಂದಾದ ಮೇಲೊಂದರಂತೆ ಆವೃತ್ತಿಗಳು ಬಂದವು. ಆದರೆ ಅಲ್ಲಿ ಬಳಸಲು ಸಿಗುವ ಜಾಗ 60 ಕಿಲೋಬೈಟ್ ಅಷ್ಟೆ. ಎಲ್ಲವನ್ನೂ ಒಟ್ಟಿಗೆ ತುಂಬಿಸಲಾಗದೆ, ಕಂಪೈಲ್ ಮಾಡುವಾಗಲೇ ಎಫ್‌ಎಂ ರೇಡಿಯೊ ಬೇಕೋ ಬೇಡವೋ, ವಾಕ್ಸ್ (ದನಿ ಕೇಳಿದೊಡನೆ ತಾನೇ ಪ್ರಸಾರ ಶುರುಮಾಡುವುದು) ಬೇಕೋ ಬೇಡವೋ ಎಂದು ಆರಿಸಿಕೊಳ್ಳುವ ಸ್ವಿಚ್ಚುಗಳನ್ನು ಇಟ್ಟರು. ಅಂದರೆ ಎಫ್‌ಎಂ ಬೇಕು ಎಂದವರು ಇನ್ನೊಂದನ್ನು ಬಿಡಲೇಬೇಕಾಯಿತು. ನನ್ನ ಮಟ್ಟಿಗೆ ಪ್ರಾಮಾಣಿಕ ಪದ್ಧತಿ ಇದು. ಕೊರತೆಯನ್ನು ಮುಚ್ಚಿಡದೆ ಬಳಕೆದಾರರ ಮುಂದೆಯೇ ಇಟ್ಟರು.

ಹೊಸಕಿವಿ, ಹುಬ್ಬಳ್ಳಿ

ಹಾಗಾದರೆ ನ್ಯಾನೊವನ್ನೇ ಬದಲಿಸೋಣ. ರಾಸ್ಪ್‌ಬೆರಿ ಪೈ ಪಿಕೊ ಬೆಲೆಯಲ್ಲಿ ದುಬಾರಿಯೇನಲ್ಲ. 2 ಮೆಗಾಬೈಟ್ ಫ್ಲ್ಯಾಷ್, 264 ಕಿಲೋಬೈಟ್ ರ‍್ಯಾಮ್. 30 ಕಿಲೋಬೈಟಿನಲ್ಲಿ ಏಕೆ ಉಸಿರು ಕಟ್ಟಿಕೊಂಡಿರಬೇಕು?

ಬೆಸುಗೆಕಡ್ಡಿ, ಮೈಸೂರು

ಒಳ್ಳೆಯ ಪ್ರಶ್ನೆ. ಕಾಗದದ ಮೇಲೆ ನಿಮ್ಮ ಮಾತಿಗೆ ಎದುರಿಲ್ಲ. ಕಷ್ಟ ಇರುವುದು ಬೇರೆಡೆ.

ಪಿಕೊ 3.3 ವೋಲ್ಟಿನದು. ನಮ್ಮ ಪರದೆ 5 ವೋಲ್ಟಿನದು, ಕೀಯರ್‌ನ ರೆಸಿಸ್ಟರ್ ಏಣಿಯನ್ನು 5 ವೋಲ್ಟಿಗೆ ಲೆಕ್ಕ ಹಾಕಿದ್ದೇವೆ. ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬೇಕು. ಪಿಕೊ ಬೋರ್ಡಿನ ಮೇಲೆ ಸ್ವಿಚಿಂಗ್ ವಿದ್ಯುತ್ ಪರಿವರ್ತಕವೂ ಇದೆ. ಬ್ಲೂಟೂತ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ, ಅದರಿಂದ 7 ಮೆಗಾಹರ್ಟ್ಸ್ ಕೇಳುವ ನಮಗೆ ನೇರ ತೊಂದರೆಯಿಲ್ಲ. ಆದರೆ ಅಂಥ ಚಿಪ್ಪುಗಳಿಗೆ ಅನ್ನ ಹಾಕುವ ಸ್ವಿಚಿಂಗ್ ಸರ್ಕ್ಯೂಟು, ಬ್ಯಾಟರಿ ಚಾರ್ಜರಿನ ಸ್ವಿಚಿಂಗ್ ಸರ್ಕ್ಯೂಟು, ಇವೆರಡೂ ಆ 7 ಮೆಗಾಹರ್ಟ್ಸಿನ, ಅಂದರೆ 40 ಮೀಟರ್ ಬ್ಯಾಂಡಿನ ಉದ್ದಕ್ಕೂ ಪೀಪಿ ಊದುತ್ತವೆ. ತವರದ ಪೆಟ್ಟಿಗೆ, ಫೆರೈಟ್ ಮಣಿ, ಪ್ರತ್ಯೇಕ ನೆಲದಾರಿ ಎಲ್ಲ ಹಾಕಿದರೆ ಅಡಗಿಸಬಹುದು. ಅಷ್ಟು ಮಾಡುವಷ್ಟರಲ್ಲಿ ಅದು ಬೇರೆಯೇ ರೇಡಿಯೊ ಆಗಿರುತ್ತದೆ.

ಬೇರೆಯೇ ರೇಡಿಯೊ ಮಾಡುವುದು ತಪ್ಪೆಂದು ಹೇಳುತ್ತಿಲ್ಲ. ವಾಟರ್‌ಫಾಲ್, ಎಫ್‌ಟಿ8, ದೊಡ್ಡ ಪರದೆ ಎಲ್ಲ ಬೇಕೆನಿಸಿದಾಗ ಫರ್ಹಾನ್ ಅವರು ಮೈಕ್ರೋ ಬಿಟ್‌ಎಕ್ಸಿನೊಳಕ್ಕೆ ಅವನ್ನು ತುರುಕಲಿಲ್ಲ. ರಾಸ್ಪ್‌ಬೆರಿ ಪೈ ಕೂರಿಸಿ ಎಸ್‌ಬಿಟ್‌ಎಕ್ಸ್ ಎಂಬ ಹೊಸ ಸೆಟ್ಟನ್ನೇ ಮಾಡಿದರು. ಹಳೆಯದು ಹಳೆಯದಾಗಿಯೇ ಉಳಿಯಿತು, ಅದನ್ನು ಕಟ್ಟಿದವರು ಬೀದಿಗೆ ಬೀಳಲಿಲ್ಲ.

ತುಂಗಾತೀರ, ಶಿವಮೊಗ್ಗ

ಎಲ್ಲರೂ ಪರದೆಯ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನು ಶಾಲಾ ಮಕ್ಕಳಿಗೆ ಈ ಸೆಟ್ಟಿನಲ್ಲಿ ಕೇಳಿಸುತ್ತೇನೆ. ದೂರದ ಕ್ಷೀಣ ದನಿಗಾಗಿ ಮಗು ವಾಲ್ಯೂಮ್ ಏರಿಸಿ ಹೆಡ್‌ಫೋನ್ ಅದುಮಿಕೊಂಡು ಕುಳಿತಿರುತ್ತದೆ. ಅಷ್ಟರಲ್ಲಿ ಪಕ್ಕದ ಜಿಲ್ಲೆಯವರೊಬ್ಬರು ಅದೇ ತರಂಗಾಂತರದಲ್ಲಿ ಬಾಯಿ ತೆರೆಯುತ್ತಾರೆ. ಮಗು ಹೆಡ್‌ಫೋನ್ ಕಿತ್ತೆಸೆಯುತ್ತದೆ. ಆಮೇಲೆ ಎಷ್ಟು ಕರೆದರೂ ಹತ್ತಿರ ಬರುವುದಿಲ್ಲ.

ಎಜಿಸಿಯನ್ನು ಬ್ಲೂಟೂತ್, ಎಫ್‌ಎಂ ರೇಡಿಯೊ ಇರುವ ಪಟ್ಟಿಯಲ್ಲಿಯೇ ಸೇರಿಸಿರುವುದಕ್ಕೆ ನನ್ನ ಆಕ್ಷೇಪ ಇದೆ. ಒಂದು ಹೊಸ ಸೌಲಭ್ಯ, ಇನ್ನೊಂದು ಇರುವ ಕೊರತೆ. ಎರಡಕ್ಕೂ ಒಂದೇ ತಕ್ಕಡಿ ಏಕೆ? ಕೊರತೆ ತುಂಬಲು ನಾನು ಯಾವುದನ್ನೂ ಬದಲಿಗೆ ಕೊಡಬೇಕಾಗಿಲ್ಲ.

ಡಾಡಿಡಾ, ಬೆಂಗಳೂರು

ಮೇಡಂ, ನಮ್ಮ ಕಾಲದಲ್ಲಿ ಒಂದು ಕೈ ಸದಾ ಒಳಬರುವ ಸಂಕೇತವನ್ನು ತಗ್ಗಿಸುವ ಆರ್‌ಎಫ್ ಗೇನ್ ಗುಂಡಿಯ ಮೇಲೆಯೇ ಇರುತ್ತಿತ್ತು. ಅದೇ ಎಜಿಸಿ.

ತುಂಗಾತೀರ, ಶಿವಮೊಗ್ಗ

ಇದ್ದಿರಬಹುದು ಸರ್. ಆದರೆ ಈ ಬೋರ್ಡಿನಲ್ಲಿ ಆರ್‌ಎಫ್ ಗೇನ್ ಗುಂಡಿಯೂ ಇಲ್ಲವಲ್ಲ!

ಪಿನ್‌ಎಣಿಕೆ, ಬೆಂಗಳೂರು

ತುಂಗಾತೀರ ಅವರ ಮಾತಿನಲ್ಲಿ ಹುರುಳಿದೆ. ಮೈಕ್ರೋ ಬಿಟ್‌ಎಕ್ಸ್ 2017ರ ಕೊನೆಯಲ್ಲಿ ಬಂದಾಗ ಅದರಲ್ಲಿ ಎಜಿಸಿ ಇರಲಿಲ್ಲ. ಕಟ್ಟಿದವರು ತಾವೇ ಚಿಕ್ಕ ಬೋರ್ಡುಗಳನ್ನು ಮಾಡಿ ಸೇರಿಸಿಕೊಂಡರು. ನಮಗೆ ಅನುಕೂಲದ ಸಂಗತಿಯೆಂದರೆ ಇದಕ್ಕೆ ನ್ಯಾನೊದ ಒಂದು ಕಾಲೂ ಬೇಡ, ಒಂದು ಬೈಟೂ ಬೇಡ. ವಾಲ್ಯೂಮ್ ನಿಯಂತ್ರಕಕ್ಕೆ ಮೊದಲೇ ಧ್ವನಿಯ ಚೂರನ್ನು ತೆಗೆದು, ಡಯೋಡಿನಿಂದ ಡಿಸಿ ಮಾಡಿ, ಅದರಿಂದ 2ಎನ್7000 ಟ್ರಾನ್ಸಿಸ್ಟರ್ ಒಂದನ್ನು ತೆರೆದರೆ ಜೋರಾದ ಸಂಕೇತ ನೆಲಕ್ಕೆ ಹರಿದುಹೋಗುತ್ತದೆ. ಧ್ವನಿಯ ಹಂತದಲ್ಲಿ ಮಾಡುವ ಎಜಿಸಿ ಶ್ರೇಷ್ಠವಲ್ಲ. ಅದಕ್ಕೂ ಹಿಂದಿನ ಹಂತ ಉಸಿರುಗಟ್ಟಿದರೆ ಇದು ಕಾಪಾಡದು. ಮಕ್ಕಳ ಕಿವಿಯನ್ನಂತೂ ಕಾಪಾಡುತ್ತದೆ. ಅದೇ ಡಿಸಿಯನ್ನು ಎ7ಕ್ಕೆ ಕೊಟ್ಟರೆ ಎಸ್ ಮೀಟರ್ ಕೂಡ ಆಯಿತು. ಒಂದೇ ದಾರಿಯಲ್ಲಿ ಎರಡು ಕೆಲಸ.

ಸಾಗರದಾಚೆ, ಕ್ಯಾಲಿಫೋರ್ನಿಯ

ಕೊರತೆ ಯಾವುದು, ಸೌಲಭ್ಯ ಯಾವುದು ಎಂಬ ಮಾತು ಬಂದಿರುವುದರಿಂದ ಇನ್ನೊಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ಮೈಕ್ರೋ ಬಿಟ್‌ಎಕ್ಸಿನ ಮೊದಲ ಆವೃತ್ತಿಗಳಲ್ಲಿ ಫಿಲ್ಟರಿಗೆ ಹೋಗುವ ತಂತಿಯೂ ಫಿಲ್ಟರಿನಿಂದ ಬರುವ ತಂತಿಯೂ ಒಂದೇ ರಿಲೇ ಮೂಲಕ ಹಾದುಹೋಗುತ್ತಿದ್ದವು. ಫಿಲ್ಟರ್ ತಡೆಯಬೇಕಾದ ಹಾರ್ಮೋನಿಕ್‌ಗಳು (ಮೂಲ ಆವರ್ತನದ ಎರಡು, ಮೂರು ಪಟ್ಟಿನಲ್ಲಿ ಹುಟ್ಟುವ ಬೇಡದ ಸಂಕೇತಗಳು) ರಿಲೇ ಒಳಗೇ ಅಡ್ಡದಾರಿ ಹಿಡಿದು ಆಂಟೆನಾ ಸೇರುತ್ತಿದ್ದವು. ನಾನಿರುವ ಅಮೆರಿಕದಲ್ಲಿ 30 ಮೆಗಾಹರ್ಟ್ಸ್‌ಗಿಂತ ಕೆಳಗಿನ ಟ್ರಾನ್ಸ್‌ಮಿಟರ್‌ಗಳ ಅನಗತ್ಯ ಹೊರಸೂಸುವಿಕೆ ಮೂಲ ಶಕ್ತಿಗಿಂತ ಕನಿಷ್ಠ 43 ಡೆಸಿಬೆಲ್ ಕೆಳಗಿರಬೇಕು. 10 ವ್ಯಾಟಿನ ಸೆಟ್ಟಿಗೆ ಅದು ಅರ್ಧ ಮಿಲಿವ್ಯಾಟ್. ಸಮುದಾಯದವರು ಅಳತೆ ಮಾಡಿ ತೋರಿಸಿದರು, ಮುಂದಿನ ಆವೃತ್ತಿಯಲ್ಲಿ ರಿಲೇಗಳ ದಾರಿ ಬದಲಾಯಿತು. ಇದನ್ನು ಯಾರೂ ಸೌಲಭ್ಯ ಎಂದು ಕೇಳಿರಲಿಲ್ಲ. ಪೆಟ್ಟಿಗೆಯ ಹೊರಗೆ ಕಾಣುವುದೂ ಇಲ್ಲ. ಆದರೂ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಅದಾಗಿತ್ತು. ನಮ್ಮ ಬೋರ್ಡಿನಲ್ಲಿ ಅಳತೆ ಆಗಿದೆಯೇ?

ಉಳಿದ ಬೇಡಿಕೆಗಳ ಬಗ್ಗೆ: ಕಡತಗಳು ತೆರೆದಿವೆ, ಬೇಕಾದವರು ಕವಲು ಒಡೆದುಕೊಳ್ಳಲಿ, ಅಂದರೆ ಪ್ರತಿ ತೆಗೆದು ತಮ್ಮದೇ ಆವೃತ್ತಿ ಮಾಡಿಕೊಳ್ಳಲಿ. ಮುಕ್ತ ಯಂತ್ರಾಂಶಕ್ಕೆಂದೇ ಪರವಾನಗಿಗಳಿವೆ. ಟಿಎಪಿಆರ್ ಎಂಬ ಹ್ಯಾಮ್ ಸಂಘದ್ದು 2007ರಿಂದ ಇದೆ. ಯುರೋಪಿನ ಸರ್ನ್ ಸಂಶೋಧನಾ ಸಂಸ್ಥೆಯದು 2020ರ ಎರಡನೆಯ ಆವೃತ್ತಿಯಲ್ಲಿ ಮೂರು ಬಗೆಯಾಗಿದೆ. ಬದಲಾವಣೆಗಳನ್ನು ಹಿಂತಿರುಗಿ ಹಂಚಲೇಬೇಕು ಎನ್ನುವುದರಿಂದ ಹಿಡಿದು ಏನು ಬೇಕಾದರೂ ಮಾಡಿಕೊಳ್ಳಿ ಎನ್ನುವವರೆಗೆ.

ಬೆಸುಗೆಕಡ್ಡಿ, ಮೈಸೂರು

ಹಾರ್ಮೋನಿಕ್ ಅಳತೆ ಆಗಿದೆ. ಟೈನಿಎಸ್‌ಎ ಎಂಬ ಪುಟ್ಟ ಸ್ಪೆಕ್ಟ್ರಮ್ ಮಾಪಕದಲ್ಲಿ, ಸಂಕೇತ ತಗ್ಗಿಸುವ ಅಟೆನ್ಯುಯೇಟರ್ ಹಾಕಿ. 40 ಮೀಟರಿನಲ್ಲಿ ಚೆನ್ನಾಗಿದೆ. ಮೇಲಿನ ಬ್ಯಾಂಡುಗಳದ್ದನ್ನು ಹೊಸ ಬೋರ್ಡಿನ ಮೇಲೆ ಮತ್ತೆ ಅಳೆದು ಚಿತ್ರ ಹಾಕುತ್ತೇನೆ.

ಆದರೆ ಕವಲು ಒಡೆಯುವ ಮಾತನ್ನು ಅಷ್ಟು ಹಗುರವಾಗಿ ಒಪ್ಪಲಾರೆ. ತಂತ್ರಾಂಶದಲ್ಲಿ ಕವಲಿಗೆ ಖರ್ಚಿಲ್ಲ. ಇಲ್ಲಿ ಬೋರ್ಡ್ ಮುದ್ರಿಸಬೇಕು, ಬಿಡಿಭಾಗ ತರಿಸಬೇಕು, ತಪ್ಪಿದರೆ ಆ ಬೋರ್ಡು ಚಹಾ ಲೋಟದ ಕೆಳಗಿಡಲು ಮಾತ್ರ ಲಾಯಕ್ಕು. ಎಷ್ಟೇ ಕವಲೊಡೆದರೂ ಕೆಟ್ಟಾಗ ಪ್ರಶ್ನೆ ಬರುವುದು ನನಗೇ. ನಾನು ನೋಡದ ಬೋರ್ಡ್, ನಾನು ಬರೆಯದ ಫರ್ಮ್‌ವೇರ್. ರಾತ್ರಿ ಹನ್ನೊಂದಕ್ಕೆ ಒಂದು ಮಸುಕು ಫೋಟೊ, ಕೆಳಗೆ ‘ಆನ್ ಆಗುತ್ತಿಲ್ಲ ಸರ್’.

ಚಿಪ್ಪುಗಳ ಬರಗಾಲದಲ್ಲಿ, ಸೆಟ್ಟಿಗೆ ಬೇಕಾದ ಆವರ್ತನ ಹುಟ್ಟಿಸುವ ಎಸ್‌ಐ5351 ಚಿಪ್ಪು ಸಿಗದೆ ಹೋದದ್ದು ನೆನಪಿರಬಹುದು. ಹಲವು ಯೋಜನೆಗಳು ಎಂಎಸ್5351 ಎಂಬ ಚೀನಾದ ಬದಲಿ ಚಿಪ್ಪಿಗೆ ಹೋದವು. ಬೋರ್ಡಿನ ಮೇಲೆ ಭಾಗಗಳು ಕಡಿಮೆ ಇದ್ದವರು ಬೇಗ ದಡ ಸೇರಿದರು. ಪಟ್ಟಿಗೆ ಒಂದು ಭಾಗ ಸೇರಿಸಿದರೆ, ಮುಂದೊಂದು ದಿನ ಸಿಗದೆ ಹೋಗಬಹುದಾದ ಭಾಗ ಒಂದು ಹೆಚ್ಚಿತು ಎಂದೇ ನಾನು ಲೆಕ್ಕ ಹಾಕುವುದು.

ಹೊಸಕಿವಿ, ಹುಬ್ಬಳ್ಳಿ

ಕ್ಷಮಿಸಿ, ನನಗೆ ಸ್ವಲ್ಪ ಬೇಸರವಾಗುತ್ತಿದೆ. ಏನು ಬೇಕು ಎಂದು ಕೇಳಿದಿರಿ, ಹೇಳಿದೆ. ಈಗ ಒಬ್ಬೊಬ್ಬರೂ ಅದು ಏಕೆ ಆಗದು ಎಂದು ಪಾಠ ಮಾಡುತ್ತಿದ್ದೀರಿ. ಹೊಸಬರು ಈ ಹವ್ಯಾಸಕ್ಕೆ ಬರುತ್ತಿಲ್ಲ ಎಂದು ಗೊಣಗುವವರೂ ನೀವೇ. ನನಗೆ ಸಿಕ್ಕಿರುವುದು ಹಾಸ್ಟೆಲಿನ ತಾರಸಿ, ಒಂದು ತಂತಿ ಆಂಟೆನಾ. ಸುತ್ತ ಎಲ್ಲೆಡೆ ಎಲ್‌ಇಡಿ ದೀಪಗಳ ಗದ್ದಲ. ಅಲ್ಲಿ ಮಾತಿನಿಂದ ಯಾರೂ ಸಿಗುವುದಿಲ್ಲ, ಎಫ್‌ಟಿ8ನಲ್ಲಿ ಸಿಗುತ್ತಾರೆ. ಅದಕ್ಕಾಗಿ ಕೇಳಿದ್ದು, ಶೋಕಿಗಲ್ಲ.

ತುಂಗಾತೀರ, ಶಿವಮೊಗ್ಗ

ಈಗ ಹೇಳಿದಿರಲ್ಲ, ಇದನ್ನು ಮೊದಲೇ ಬರೆಯಬೇಕಿತ್ತು ತಮ್ಮಾ. ‘ಯುಎಸ್‌ಬಿ ಬೇಕು’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಗದ್ದಲದ ತಾರಸಿಯಿಂದ ಎಫ್‌ಟಿ8 ಮಾಡಬೇಕು’ ಎಂದರೆ ದಾರಿ ಹುಡುಕಬಹುದು. ಬೆಸುಗೆಕಡ್ಡಿ ಅವರು ಮೊದಲ ಬರಹದಲ್ಲೇ ಇದನ್ನು ಕೇಳಿದ್ದರು.

ಇತ್ತ ಹಿರಿಯರೂ ಸ್ವಲ್ಪ ತಾಳ್ಮೆ ತಂದುಕೊಂಡರೆ ಒಳ್ಳೆಯದು.

ಪಿನ್‌ಎಣಿಕೆ, ಬೆಂಗಳೂರು

ಎಫ್‌ಟಿ8ಗೆ ರೇಡಿಯೊದಿಂದ ಬೇಕಾದುದು ಬಹಳ ಕಡಿಮೆ. ಸಂಕೇತದ ಅಗಲ 50 ಹರ್ಟ್ಸ್. ಲೆಕ್ಕಾಚಾರವೆಲ್ಲ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ನಡೆಯುತ್ತದೆ. ರೇಡಿಯೊ ಕೊಡಬೇಕಾದುದು ಮೂರು: ಧ್ವನಿ ಹೊರಗೆ, ಧ್ವನಿ ಒಳಗೆ, ಪಿಟಿಟಿ. ಯುಎಸ್‌ಬಿ ಸೌಂಡ್ ಕಾರ್ಡ್ ಹೊರಗಡೆಯೇ ಇರಲಿ, ಕೆಟ್ಟರೆ ಅದನ್ನಷ್ಟೇ ಎಸೆಯಬಹುದು.

ಅಪಾಯ ಇರುವುದು ಆಂಟೆನಾಗೆ ಶಕ್ತಿ ಕೊಡುವ ಐಆರ್‌ಎಫ್510 ಟ್ರಾನ್ಸಿಸ್ಟರ್ ಜೋಡಿಗೆ. ಎಸ್‌ಎಸ್‌ಬಿ ಮಾತಿನಲ್ಲಿ ಪೂರ್ತಿ ಶಕ್ತಿ ಆಗಾಗ ಕ್ಷಣಕಾಲ ಮಾತ್ರ. ಎಫ್‌ಟಿ8ನಲ್ಲಿ 15 ಸೆಕೆಂಡಿನ ಸರದಿಯಲ್ಲಿ 12.64 ಸೆಕೆಂಡ್ ಒಂದೇ ಸಮ ಪೂರ್ತಿ ಶಕ್ತಿ. ಆಂಟೆನಾಗೆ 10 ವ್ಯಾಟ್ ಕಳುಹಿಸುವಾಗ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಶಾಖವಾಗಿ ಟ್ರಾನ್ಸಿಸ್ಟರಿನಲ್ಲಿ ಉಳಿಯುತ್ತದೆ. ಈಗಿರುವ ಪುಟ್ಟ ಹೀಟ್‌ಸಿಂಕಿಗೆ ಅದು ಹೆಚ್ಚಾಯಿತು. ಪೆಟ್ಟಿಗೆಗೇ ಟ್ರಾನ್ಸಿಸ್ಟರ್ ಬಿಗಿಯುವವರು ನಡುವೆ ಮೈಕಾ ಹಾಳೆ ಇಡುವುದನ್ನು ಮರೆಯಬೇಡಿ. ಆ ಟ್ರಾನ್ಸಿಸ್ಟರಿನ ಲೋಹದ ಬೆನ್ನೇ ಡ್ರೇನ್, ಅದರಲ್ಲಿ ವಿದ್ಯುತ್ ಇರುತ್ತದೆ.

ಹೊಸಕಿವಿ, ಹುಬ್ಬಳ್ಳಿ

ಹಾಗಾದರೆ ನನಗೆ ಬೇಕಾದದ್ದು ಮೂರು ಸಂಕೇತ, ಒಂದು ನೆಲದ ತಂತಿ, ನಾಲ್ಕೇ ರಂಧ್ರ! ಶಕ್ತಿಯನ್ನು ನಾನೇ 3 ವ್ಯಾಟಿಗೆ ಇಳಿಸಿಕೊಳ್ಳುತ್ತೇನೆ. ಬ್ಲೂಟೂತ್, ವಾಟರ್‌ಫಾಲ್, 2 ಮೀಟರ್ ಎಲ್ಲವನ್ನೂ ಹಿಂದಕ್ಕೆ ಪಡೆದೆ.

ಬದಲಿಗೆ ತೆಗೆಯುವಂಥದ್ದೂ ಈಗ ಒಂದು ಸಿಕ್ಕಿದೆ. ಪರದೆಯ ಆರು ತಂತಿ. ಹಿಂಬದಿಗೆ ಪಿಸಿಎಫ್8574 ಚಿಪ್ಪಿನ ಚಿಕ್ಕ ಬೋರ್ಡ್ ಹಾಕಿದರೆ ಅದೇ ಪರದೆ ಐ2ಸಿಯಲ್ಲಿ, ಅಂದರೆ ಎರಡೇ ಸಂಕೇತ ತಂತಿಯಲ್ಲಿ ಕೆಲಸ ಮಾಡುತ್ತದೆ. ಎಸ್‌ಐ5351ಗಾಗಿ ಎ4, ಎ5 ಹೇಗೂ ಐ2ಸಿಗೆ ಮೀಸಲು, ವಿಳಾಸಗಳೂ ಬೇರೆ ಬೇರೆ. ಡಿ8ರಿಂದ ಡಿ13ರವರೆಗೆ ಆರು ಕಾಲುಗಳು ಖಾಲಿ.

ಬೆಸುಗೆಕಡ್ಡಿ, ಮೈಸೂರು

ಇದನ್ನು ನಾನು ಹಿಂದೆ ಕೈಬಿಟ್ಟಿದ್ದೆ. ಕಾರಣ, ಪರದೆ ಬರೆಯುವಾಗಲೆಲ್ಲ ಆ ಎರಡು ತಂತಿಗಳ ಓಡಾಟ ರಿಸೀವರಿನಲ್ಲಿ ಟಿಕ್ ಟಿಕ್ ಎಂದು ಕೇಳುತ್ತದೆ. ಡಾಡಿಡಾ ಅವರು ಹೆಡ್‌ಫೋನ್ ಎಸೆಯುವ ಸರದಿ ಬರುತ್ತದೆ.

ಪಿನ್‌ಎಣಿಕೆ, ಬೆಂಗಳೂರು

ಸದಾ ಬರೆಯುತ್ತಿದ್ದರೆ ಕೇಳುತ್ತದೆ. ಬದಲಾದ ಅಂಕಿಯನ್ನು ಮಾತ್ರ ಬರೆದರೆ, ಗುಂಡಿ ತಿರುಗಿಸದೆ ಸುಮ್ಮನೆ ಕೇಳುತ್ತಿರುವಾಗ ತಂತಿಗಳು ಮೌನವಾಗಿರುತ್ತವೆ. ಎಸ್ ಮೀಟರ್ ಮಾತ್ರ ತಲೆನೋವು, ಅದು ಪ್ರತಿ ಕ್ಷಣ ಬದಲಾಗುತ್ತದೆ. ಅದನ್ನು ಪರದೆಯ ಮೇಲೆ ತೋರಿಸುವ ಆಸೆ ಬಿಟ್ಟು, ಮುಂಬದಿಯಲ್ಲಿ ಹಳೆಯ ಟೇಪ್ ರೆಕಾರ್ಡರಿನ ಮುಳ್ಳಿನ ಮೀಟರ್ ಹಾಕಿದರೆ ಹೇಗೆ? ಎಜಿಸಿಯ ಡಿಸಿಯಿಂದ ನೇರವಾಗಿ ಓಡುತ್ತದೆ, ಎ7 ಕೂಡ ಉಳಿಯುತ್ತದೆ.

ಪರವಾಗಿಲ್ಲ ಹುಬ್ಬಳ್ಳಿಯವರೇ, ಒಳ್ಳೆಯ ಜಾಗಕ್ಕೆ ಕೈ ಹಾಕಿದ್ದೀರಿ.

ಡಾಡಿಡಾ, ಬೆಂಗಳೂರು

ಮುಳ್ಳಿನ ಮೀಟರಿಗೆ ನನ್ನ ಮತ. ಒಂದು ವಿಷಯಾಂತರಕ್ಕೆ ಅವಕಾಶ ಕೊಡಿ.

2005ರ ಮೇ 5ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ-ಸಿ6 ಏರಿದಾಗ ಕಾರ್ಟೊಸ್ಯಾಟ್-1ರ ಜೊತೆಯಲ್ಲಿ ರೇಡಿಯೊ ಹವ್ಯಾಸಿಗಳಿಗಾಗಿ ಮಾಡಿದ ನಮ್ಮ ಉಪಗ್ರಹ ಹ್ಯಾಮ್‌ಸ್ಯಾಟ್ ಕೂಡ ಹೋಯಿತು. 42.5 ಕಿಲೋ ತೂಕ. ಒಳಗೆ ಎರಡು ಟ್ರಾನ್ಸ್‌ಪಾಂಡರ್, ಒಂದು ಭಾರತದ್ದು, ಇನ್ನೊಂದು ನೆದರ್ಲೆಂಡ್ಸಿನ ಹವ್ಯಾಸಿಯೊಬ್ಬರು ಮಾಡಿದ್ದು. 435 ಮೆಗಾಹರ್ಟ್ಸಿನಲ್ಲಿ ಕೇಳಿದ್ದನ್ನು 145ರಲ್ಲಿ ಮರಳಿ ಹೇಳುವುದು, ಅಷ್ಟೇ ಕೆಲಸ. 2014ರವರೆಗೆ ಅದನ್ನೇ ಮಾಡಿತು. ಆಕಾಶಕ್ಕೆ ಹೋದ ಮೇಲೆ ಅದಕ್ಕೆ ಏನನ್ನು ಸೇರಿಸಲೂ ಆಗುತ್ತಿರಲಿಲ್ಲ, ಆದ್ದರಿಂದ ಏನು ಬೇಕೆಂಬುದನ್ನು ನೆಲದ ಮೇಲಿದ್ದಾಗಲೇ ತೀರ್ಮಾನಿಸಿದ್ದರು. ಬೋರ್ಡೂ ಒಂದು ಲೆಕ್ಕಕ್ಕೆ ಹಾಗೆಯೇ. ಕಟ್ಟಿದವನ ಮನೆಗೆ ಹೋದ ಮೇಲೆ ನಾವು ಅದನ್ನು ಮುಟ್ಟಲಾರೆವು.

ನನ್ನ ಟಪ್ ಶಬ್ದದ ಬಗ್ಗೆ ಇನ್ನೂ ಯಾರೂ ಉತ್ತರಿಸಿಲ್ಲ.

ಬೆಸುಗೆಕಡ್ಡಿ, ಮೈಸೂರು

ಸರಿ, ತೀರ್ಮಾನ ಬರೆಯುತ್ತೇನೆ. ಒಪ್ಪದವರು ಈ ವಾರದೊಳಗೆ ಜಗಳವಾಡಿ.

ಎಜಿಸಿ ಬೋರ್ಡಿನ ಮೇಲೆಯೇ ಬರುತ್ತದೆ. ಡಾಡಿಡಾ ಅವರ ಟಪ್ ಶಬ್ದವೂ ಕೊರತೆಯೇ. ಕೇಳುವುದರಿಂದ ಕಳುಹಿಸುವುದಕ್ಕೆ, ಮತ್ತೆ ಕೇಳುವುದಕ್ಕೆ ಬದಲಾಗುವ ಕ್ಷಣದಲ್ಲಿ ಧ್ವನಿಯನ್ನು ಕ್ಷಣಕಾಲ ಅದುಮುವ ಒಂದು ಟ್ರಾನ್ಸಿಸ್ಟರ್ ಸೇರಿಸುತ್ತೇನೆ, ಅದನ್ನು ಚಾಲೂ ಮಾಡಲು ಪರದೆಯಿಂದ ಬಿಡುಗಡೆಯಾದ ಡಿ8 ಇದೆ. ಪರದೆ ಐ2ಸಿಗೆ ಹೋಗುತ್ತದೆ. ಹಳೆಯ ಪರದೆ ಇದ್ದವರು ಹಿಂಬದಿಯ ಬೋರ್ಡ್ ಮಾತ್ರ ಕೊಂಡರೆ ಸಾಕು. ಎಫ್‌ಟಿ8ಗೆ ನಾಲ್ಕು ರಂಧ್ರ. ಉಳಿದ ಐದು ಕಾಲು ಮತ್ತು ಎ7 ಅಂಚಿನ ಒಂದು ಹೆಡರಿಗೆ (ಚುಚ್ಚುವ ಪಿನ್‌ಗಳ ಸಾಲಿಗೆ) ಬರುತ್ತವೆ, ಪಕ್ಕದಲ್ಲಿ 5 ವೋಲ್ಟ್ ಮತ್ತು ನೆಲ. ಎಸ್‌ಡಬ್ಲ್ಯುಆರ್ ಆಗಲಿ, ಇನ್ನೇನೇ ಆಗಲಿ, ಆ ಹೆಡರಿಗೆ ಚುಚ್ಚುವ ಬೇರೆ ಬೋರ್ಡಿನಲ್ಲಿ ಮಾಡಿಕೊಳ್ಳಿ, ಅದರ ಹೊಣೆ ಮಾಡಿದವರದು. ಚಾರ್ಜರ್, ಬ್ಲೂಟೂತ್, ವಾಟರ್‌ಫಾಲ್, ಎಫ್‌ಎಂ ಈ ಬೋರ್ಡಿನಲ್ಲಿ ಬರುವುದಿಲ್ಲ. ಇದನ್ನು ಯೋಜನೆಯ ಮೊದಲ ಪುಟದಲ್ಲಿಯೇ ಬರೆದಿಡುತ್ತೇನೆ, ಪ್ರತಿ ಸಲ ಉತ್ತರಿಸುವ ಕೆಲಸ ತಪ್ಪುತ್ತದೆ.

ಸಾಗರದಾಚೆ, ಕ್ಯಾಲಿಫೋರ್ನಿಯ

ಒಪ್ಪಿಗೆ. ಹೆಡರನ್ನು ಔಟ್‌ಪುಟ್ ಹಂತದ ಪಕ್ಕಕ್ಕೆ ಮಾತ್ರ ಇಡಬೇಡಿ. ಅಲ್ಲಿ ಉದ್ದ ತಂತಿ ಚುಚ್ಚಿದವರೆಲ್ಲ ಆರ್‌ಎಫ್ ಒಳನುಗ್ಗಿ ನ್ಯಾನೊ ಮರುಪ್ರಾರಂಭ ಆಗುತ್ತಿದೆ ಎಂದು ದೂರು ತರುತ್ತಾರೆ. ಮೈಕ್ ಇರುವ ಬದಿ ಒಳ್ಳೆಯದು.

ಬೆಸುಗೆಕಡ್ಡಿ, ಮೈಸೂರು

ಮೈಕ್ ಬದಿಯಲ್ಲಿ ಜಾಗವಿಲ್ಲ, ಎಜಿಸಿ ಅಲ್ಲಿ ಕುಳಿತಿದೆ. ಎನ್ಕೋಡರಿನ ಹಿಂದೆ ಹತ್ತು ಮಿಲಿಮೀಟರ್ ಹೊಂದಿಸಬಹುದು. ನಾಳೆ ಲೇಔಟ್ ಚಿತ್ರ ಹಾಕುತ್ತೇನೆ, ನೋಡಿ ಹೇಳಿ.

ಹೊಸಕಿವಿ, ಹುಬ್ಬಳ್ಳಿ

ಸರ್, ಐ2ಸಿ ಪರದೆಯ ಕೋಡನ್ನು ನಾನು ಬರೆಯಲೇ? ಬದಲಾದ ಅಂಕಿ ಮಾತ್ರ ಬರೆಯುವ ಹಾಗೆ.

ಪಿನ್‌ಎಣಿಕೆ, ಬೆಂಗಳೂರು

ಬರೆಯಿರಿ. ಸಿದ್ಧ ಲೈಬ್ರರಿ ಬೇಡ, ಅದು ಫ್ಲ್ಯಾಷ್ ತಿನ್ನುತ್ತದೆ. ನಮ್ಮಲ್ಲಿ ಉಳಿದಿರುವುದು ಎರಡು ಕಿಲೋಬೈಟಿಗೂ ಕಡಿಮೆ. ಅದರೊಳಗೆ ಕೂರಿಸಿ ಕಳುಹಿಸಿದರೆ ನಾನು ನೋಡಿ ಸೇರಿಸುತ್ತೇನೆ.